ಲ್ಯಾಪ್‌ಟಾಪ್ ಪದೇ ಪದೇ ಕೈಕೊಡ್ತಿದ್ಯಾ? ಮೊದಲು ರ‍್ಯಾಮ್ ನೋಡಿ

ನಮ್ಮ ಹಾಸ್ಟೆಲ್‌ನ ಪ್ರತಿ ಫ್ಲೋರ್‌ನಲ್ಲೂ ಅಂಥದ್ದೊಂದು ಲ್ಯಾಪ್‌ಟಾಪ್ ಇದ್ದೇ ಇರುತ್ತೆ. ಅಕ್ಕನೋ ಅಣ್ಣನೋ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಮುಂದಿನವರಿಗೆ ದಾಟಿಸಿದ್ದು. ಕೀಬೋರ್ಡ್‌ನಲ್ಲಿ ಒಂದೆರಡು ಅಕ್ಷರ ಅಳಿಸಿಹೋಗಿರುತ್ತೆ, ಹಿಂಜ್ ಸಡಿಲ, ಬ್ಯಾಟರಿ ನಿಂತರೆ ಮುಕ್ಕಾಲು ಗಂಟೆ. ಇದೆಲ್ಲ ಹೇಗೋ ಸಹಿಸ್ಕೋಬಹುದು. ಸಹಿಸೋಕೆ ಆಗದ್ದು ಒಂದೇ. ಲ್ಯಾಬ್ ರೆಕಾರ್ಡ್ ಟೈಪ್ ಮಾಡ್ತಿರುವಾಗ ಸ್ಕ್ರೀನ್ ತಟ್ಟನೆ ನೀಲಿಯಾಗಿ, ಒಂದು ಬೇಸರದ ಮುಖ ತೋರಿಸಿ, ತಾನೇ ರೀಸ್ಟಾರ್ಟ್ ಆಗೋದು. ವಾರಕ್ಕೊಮ್ಮೆ ಆದರೆ ಪರವಾಗಿಲ್ಲ. ದಿನಕ್ಕೆ ನಾಲ್ಕು ಸಲ ಆದರೆ?

ಇಂಥ ಹೊತ್ತಲ್ಲಿ ಎರಡು ಸಲಹೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತೆ. ಒಂದು, "ವಿಂಡೋಸ್ ಮತ್ತೆ ಹಾಕು, ಸರಿ ಹೋಗುತ್ತೆ." ಇನ್ನೊಂದು, "ಮೊದಲು ಎಲ್ಲ ಬ್ಯಾಕಪ್ ತಗೋ." ಕೇಳೋಕೆ ಎರಡೂ ಸರಿಯಾಗೇ ಇವೆ. ಆದರೆ ತೊಂದರೆ ಇರೋದು ರ‍್ಯಾಮ್‌ನಲ್ಲಾದರೆ ಮೊದಲನೆಯದರಿಂದ ಉಪಯೋಗ ಇಲ್ಲ, ಎರಡನೆಯದರಿಂದ ಹಾನಿಯೇ ಆಗಬಹುದು. ಬ್ಯಾಕಪ್‌ನಿಂದ ಹಾನಿ ಹೇಗೆ ಅಂತ ಕೇಳಬಹುದು. ಅದನ್ನು ಹೇಳೋಕೇ ಈ ಲೇಖನ.

ನಮ್ಮ ವಿಂಗ್‌ನ ಗೆಳೆಯನ ಲ್ಯಾಪ್‌ಟಾಪ್ ಅವನ ಅಕ್ಕ 2015ರಲ್ಲಿ ತಗೊಂಡದ್ದು. ಐದನೇ ತಲೆಮಾರಿನ ಐ3, ಬರುವಾಗಲೇ ಇದ್ದ 4 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿದ ಇನ್ನೊಂದು 4 ಜಿಬಿ. ಹಳೇ ಹಾರ್ಡ್ ಡಿಸ್ಕ್. ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಕ್ಲಬ್ ಆಡಿದ ನಾಟಕದ ವಿಡಿಯೋ ಕ್ಲಿಪ್‌ಗಳೆಲ್ಲ ಇದ್ದದ್ದು ಅದೇ ಡಿಸ್ಕ್‌ನಲ್ಲಿ, ಒಟ್ಟು 41. ಕ್ಯಾಮೆರಾದ ಕಾರ್ಡ್ ಆಗಲೇ ಬೇರೆ ಕಾರ್ಯಕ್ರಮಕ್ಕೆ ಹೋಗಿ ಖಾಲಿಯಾಗಿತ್ತು. ಫೆಬ್ರವರಿಯಲ್ಲಿ ಲ್ಯಾಪ್‌ಟಾಪ್ ಬೀಳೋಕೆ ಶುರುವಾಯ್ತು. ತೋರಿಸಿದ ಅಂಗಡಿಯವರು ಹತ್ತು ನಿಮಿಷ ನೋಡಿ "ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ" ಅಂದರು. ಆ ಲ್ಯಾಪ್‌ಟಾಪ್ ಮಾರಿದರೂ ಅಷ್ಟು ಬರಲ್ಲ. ಹೊಸದು ಕೊಡಿಸೋ ಸ್ಥಿತಿ ಅವನ ಮನೆಯಲ್ಲಿ ಇಲ್ಲ. ಹಾಗಾಗಿ ಸ್ಕ್ರೂಡ್ರೈವರ್ ನಮ್ಮ ಕೈಗೆ ಬಂತು.

ಮೊದಲು ರ‍್ಯಾಮ್ ಒಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ. ಮೂರನೇ ಸೆಮ್‌ನ ಡಿಡಿಸಿಓದಲ್ಲಿ ಡೈನಾಮಿಕ್ ರ‍್ಯಾಮ್ ಸೆಲ್‌ನ ಚಿತ್ರ ಬರೆದು ಮಾರ್ಕ್ಸ್ ತಗೊಂಡಿರ್ತೀವಿ: ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕಿದ್ದು ಇದಕ್ಕೇ. ಇವತ್ತಿಗೂ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಇರೋ ಮೂಲ ಐಡಿಯಾ ಅದೇ. ಕೆಪಾಸಿಟರ್‌ನಲ್ಲಿ ಚಾರ್ಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಅಂದುಕೊಳ್ಳಿ. ಚಿತ್ರ ಬರೆಯುವಾಗ ನಾವು ಗಮನಿಸದೇ ಬಿಡೋ ವಿಷಯ ಏನಂದ್ರೆ, ಅದು ಸೋರುವ ಕೊಡ. ತುಂಬಿಸಿ ಸುಮ್ಮನೆ ಬಿಟ್ಟರೆ ಖಾಲಿಯಾಗುತ್ತೆ. ಅದಕ್ಕೇ ಡಿಡಿಆರ್3, ಡಿಡಿಆರ್4 ರ‍್ಯಾಮ್‌ಗಳಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡ್ ಒಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಿಸಬೇಕು. ಈ ಕೆಲಸವನ್ನು 8192 ಕಂತು ಮಾಡಿ ಹಂಚಿರ್ತಾರೆ, ಅಂದರೆ ಸುಮಾರು 7.8 ಮೈಕ್ರೋಸೆಕೆಂಡ್‌ಗೆ ಒಂದು ಕಂತು. ಚಿಪ್ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಿಕೆ ಜಾಸ್ತಿ, ಆಗ 32 ಮಿಲಿಸೆಕೆಂಡ್‌ಗೇ ಒಂದು ಸುತ್ತು ಮುಗಿಸಬೇಕು.

ಒಂದು 4 ಜಿಬಿ ಸ್ಟಿಕ್‌ನಲ್ಲಿ ಇಂಥ ಕೊಡಗಳು ಸುಮಾರು 3,400 ಕೋಟಿ. ಅದರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಬೇಗ ಸೋರೋಕೆ ಶುರು ಮಾಡಿದರೆ ಸಾಕು. ತುಂಬಿಸೋ ಸರದಿ ಬರೋ ಮೊದಲೇ ಒಂದು ಹೋಗಿ ಸೊನ್ನೆ ಆಗಿರುತ್ತೆ. ಲ್ಯಾಪ್‌ಟಾಪ್ ತಣ್ಣಗಿದ್ದಾಗ ಎಲ್ಲ ಸರಿ, ಹಾಸಿಗೆ ಮೇಲೆ ಇಟ್ಟು ಒಂದು ಗಂಟೆ ಕೆಲಸ ಮಾಡಿದ ಮೇಲೆ ತಪ್ಪು. "ಬೆಳಗ್ಗೆ ಚೆನ್ನಾಗೇ ಇತ್ತು" ಅನ್ನೋ ಮಾತಿನ ಹಿಂದೆ ಎಷ್ಟೋ ಸಲ ಇರೋದು ಇದೇ. ಕೆಲವು ಸೆಲ್‌ಗಳು ಪಕ್ಕದ ಸೆಲ್‌ನಲ್ಲಿ ನಿರ್ದಿಷ್ಟ ಬೆಲೆ ಇದ್ದಾಗ ಮಾತ್ರ ತಪ್ಪುತ್ತವೆ. ಇನ್ನು ಕೆಲವು ಸಲ ಸೆಲ್‌ನದು ಏನೂ ತಪ್ಪಿರಲ್ಲ, ಸ್ಟಿಕ್‌ನ ಚಿನ್ನದ ಬಣ್ಣದ ಪಟ್ಟಿಗಳಿಗೂ ಸ್ಲಾಟ್‌ಗೂ ಮಧ್ಯೆ ಧೂಳು ಕೂತಿರುತ್ತೆ, ಅಷ್ಟೇ.

ಆಗ ಸರ್ವರ್‌ಗಳು ಹೇಗೆ ವರ್ಷಗಟ್ಟಲೆ ನಡೆಯುತ್ತವೆ? ಅವುಗಳಲ್ಲಿ ಇಸಿಸಿ ರ‍್ಯಾಮ್ ಇರುತ್ತೆ. ಸಾಮಾನ್ಯವಾಗಿ 64 ಬಿಟ್ ಡೇಟಾಗೆ 8 ಬಿಟ್ ಕಾವಲು. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಕೋಡ್‌ನ ಮೊಮ್ಮಕ್ಕಳು ಇವು. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತೆ, ಎರಡು ತಪ್ಪಿದರೆ ಕೂಗಿ ಹೇಳುತ್ತೆ. ಗೂಗಲ್‌ನ ಸರ್ವರ್‌ಗಳ ಮೇಲೆ 2009ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದ ಪ್ರಕಾರ ಅಲ್ಲಿನ ರ‍್ಯಾಮ್ ಸ್ಟಿಕ್‌ಗಳಲ್ಲಿ ಶೇಕಡಾ 8ಕ್ಕಿಂತ ಹೆಚ್ಚಿನವು ಒಂದು ವರ್ಷದಲ್ಲಿ ಒಮ್ಮೆಯಾದರೂ ತಪ್ಪಿದ್ದವು. ಅಂದರೆ ರ‍್ಯಾಮ್ ತಪ್ಪೋದು ಅಪರೂಪದ ಸಂಗತಿ ಏನಲ್ಲ. ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಆ ಕಾವಲು ಸಾಮಾನ್ಯವಾಗಿ ಇರಲ್ಲ. ತಪ್ಪಿದ ಬಿಟ್ ತಪ್ಪಿದ ಹಾಗೇ ಮುಂದಕ್ಕೆ ಹೋಗುತ್ತೆ.

ಎಲ್ಲಿಗೆ ಹೋಗುತ್ತೆ ಅನ್ನೋದೇ ಮುಖ್ಯ. ಆ ಕೆಟ್ಟ ಸೆಲ್ ಇದ್ದ ಜಾಗಕ್ಕೆ ವಿಂಡೋಸ್‌ನ ಕರ್ನಲ್ ಬಂದು ಕೂತಿದ್ದರೆ ನೀಲಿ ಸ್ಕ್ರೀನ್. ಬ್ರೌಸರ್ ಕೂತಿದ್ದರೆ ಒಂದು ಟ್ಯಾಬ್ ಸಾಯುತ್ತೆ. ಒಂದು ಫೋಟೋ ಕೂತಿದ್ದರೆ? ಏನೂ ಆಗಲ್ಲ, ಯಾವ ಮೆಸೇಜೂ ಬರಲ್ಲ. ನಾವು ಒಂದು ಫೈಲ್ ಕಾಪಿ ಮಾಡಿದಾಗ ಅದು ಡಿಸ್ಕ್‌ನಿಂದ ನೇರವಾಗಿ ಪೆನ್ ಡ್ರೈವ್‌ಗೆ ಹಾರಲ್ಲ. ಡಿಸ್ಕ್‌ನಿಂದ ರ‍್ಯಾಮ್‌ಗೆ, ರ‍್ಯಾಮ್‌ನಿಂದ ಪೆನ್ ಡ್ರೈವ್‌ಗೆ. ನಡುವೆ ಒಂದು ಬಿಟ್ ಬದಲಾದರೆ ಪೆನ್ ಡ್ರೈವ್‌ಗೆ ಬದಲಾದದ್ದೇ ಹೋಗುತ್ತೆ. ಫೈಲ್ ಸೈಜ್ ಅಷ್ಟೇ ಇರುತ್ತೆ, ಹೆಸರು ಅದೇ, ತೆರೆದು ನೋಡಿದರೆ ಅರ್ಧ ಚಿತ್ರದ ಬಣ್ಣ ಎಡವಟ್ಟು. ಜಿಪ್ ಫೈಲ್ ಆದರೆ ಬಿಚ್ಚೋಕೇ ಬರಲ್ಲ.

ಗೆಳೆಯ ಎಲ್ಲರೂ ಹೇಳಿದ ಹಾಗೆ ಮೊದಲು ಬ್ಯಾಕಪ್ ತಗೊಂಡಿದ್ದ. ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋದ 41 ಕ್ಲಿಪ್‌ಗಳಲ್ಲಿ ಮೂರು ಮಧ್ಯದಲ್ಲಿ ಹಸಿರು ಚೌಕಗಳಾಗಿ ಒಡೆದು ಹೋಗುತ್ತಿದ್ದವು. ಲ್ಯಾಪ್‌ಟಾಪ್‌ನಲ್ಲಿದ್ದ ಮೂಲ ಫೈಲ್‌ಗಳು ಇನ್ನೂ ಅಲ್ಲೇ ಇದ್ದವು ಅನ್ನೋದೇ ಪುಣ್ಯ. ಬ್ಯಾಕಪ್ ಆಯ್ತಲ್ಲ ಅಂತ ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಡಿಸ್ಕ್ ರಿಪೇರಿ ಮಾಡೋ ಚೆಕ್‌ಡಿಸ್ಕ್ ಕೂಡ ಇಂಥ ಸಮಯದಲ್ಲಿ ಬೇಡ. ಅದು ಫೈಲ್ ಪಟ್ಟಿಯನ್ನು ರ‍್ಯಾಮ್‌ಗೆ ತಂದು, ತಿದ್ದಿ, ಡಿಸ್ಕ್‌ಗೆ ವಾಪಸ್ ಬರೆಯುತ್ತೆ. ತಿದ್ದೋ ಕೈಯೇ ನಡುಗುತ್ತಿದ್ದರೆ ತಿದ್ದುಪಡಿಯಿಂದ ಹೊಸ ತಪ್ಪು ಹುಟ್ಟಬಹುದು.

ಹಾಗಾಗಿ ಕ್ರಮ ಹೀಗೆ: ಮೊದಲು ರ‍್ಯಾಮ್ ಪರೀಕ್ಷೆ, ಕೆಟ್ಟದ್ದನ್ನು ಹೊರಗೆ ಹಾಕೋದು, ಆಮೇಲೆ ಬ್ಯಾಕಪ್, ಎಲ್ಲ ಮುಗಿದ ಮೇಲೆ ಬೇಕಿದ್ದರೆ ವಿಂಡೋಸ್.

ಬೀಳೋದೆಲ್ಲ ರ‍್ಯಾಮ್‌ನಿಂದಲೇ ಅಂತಲ್ಲ. ಗೇಮ್ ಆಡುವಾಗ ಫ್ಯಾನ್ ಅರಚಿಕೊಂಡು, ನೀಲಿ ಸ್ಕ್ರೀನ್ ಏನೂ ಬರದೆ ಪಟ್ ಅಂತ ಪೂರ್ತಿ ಆಫ್ ಆದರೆ ಮೊದಲು ಅನುಮಾನ ಪಡಬೇಕಾದ್ದು ಬಿಸಿ, ಧೂಳು, ಒಣಗಿದ ಥರ್ಮಲ್ ಪೇಸ್ಟ್ ಮೇಲೆ. ಫೋಲ್ಡರ್ ತೆರೆಯೋಕೆ ಅರ್ಧ ನಿಮಿಷ ತಗೊಂಡು ಡಿಸ್ಕ್ ಟಿಕ್ ಟಿಕ್ ಅಂದರೆ ಡಿಸ್ಕ್. ಪ್ರತಿ ಸಲವೂ ಅದೇ ಕೋಡ್, ಜೊತೆಗೆ ಅದೇ ಡ್ರೈವರ್ ಫೈಲ್‌ನ ಹೆಸರು ಬಂದರೆ ಆ ಡ್ರೈವರ್ ತೆಗೆದು ನೋಡಿ. ರ‍್ಯಾಮ್‌ನ ಗುರುತು ಅದರ ಗುರಿ ಇಲ್ಲದ ಸ್ವಭಾವ. ಇವತ್ತು 'ಮೆಮೊರಿ ಮ್ಯಾನೇಜ್‌ಮೆಂಟ್', ನಾಳೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ನಾಡಿದ್ದು 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್'. ಒಂದು ಸಲ ಬ್ರೌಸರ್, ಒಂದು ಸಲ ವರ್ಡ್. ಇನ್‌ಸ್ಟಾಲರ್‌ಗಳು ಅರ್ಧಕ್ಕೆ ನಿಂತು 'ಫೈಲ್ ಕರಪ್ಟ್' ಅನ್ನುತ್ತವೆ, ಅದೇ ಫೈಲ್ ಪಕ್ಕದವನ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ನಡೆಯುತ್ತೆ. ಈ ಕೊನೆಯದು ಕಂಡರೆ ನಾವಂತೂ ಬೇರೆ ಏನೂ ನೋಡದೆ ರ‍್ಯಾಮ್ ಪರೀಕ್ಷೆಗೆ ಕೂತುಬಿಡ್ತೀವಿ.

ವಿಂಡೋಸ್‌ನಲ್ಲೇ ಒಂದು ಪರೀಕ್ಷೆ ಇದೆ. ಸ್ಟಾರ್ಟ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಅಂತ ಹುಡುಕಿದರೆ ಸಿಗುತ್ತೆ, ರೀಸ್ಟಾರ್ಟ್ ಆಗಿ ನಡೆಯುತ್ತೆ. ಶುರುವಾದಾಗ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಳ್ಳಿ, ಇಲ್ಲದಿದ್ದರೆ ಮೇಲೆ ಮೇಲೆ ನೋಡಿ ಬಿಡುತ್ತೆ. ಫಲಿತಾಂಶ ಕಾಣಲಿಲ್ಲ ಅಂದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಇರುತ್ತೆ. ಅದು ತಪ್ಪು ಇದೆ ಅಂದರೆ ನಂಬಿ. ತಪ್ಪಿಲ್ಲ ಅಂದರೆ ಅಷ್ಟಕ್ಕೇ ಬಿಡಬೇಡಿ.

ನಂಬಬೇಕಾದ್ದು ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್. ಎರಡೂ 1990ರ ದಶಕದಲ್ಲಿ ಕ್ರಿಸ್ ಬ್ರೇಡಿ ಬರೆದ ಪ್ರೋಗ್ರಾಂನಿಂದಲೇ ಕವಲೊಡೆದವು. ಪ್ಲಸ್ ಇರೋದು ಓಪನ್ ಸೋರ್ಸ್, ಅದರ 6ನೇ ಆವೃತ್ತಿಯಿಂದ ಯುಇಎಫ್ಐ ಇರೋ ಲ್ಯಾಪ್‌ಟಾಪ್‌ಗಳಲ್ಲೂ ನಡೆಯುತ್ತೆ. ಪಕ್ಕದ ರೂಮಿನವರ ಸರಿ ಇರೋ ಲ್ಯಾಪ್‌ಟಾಪ್‌ನಲ್ಲಿ ಪೆನ್ ಡ್ರೈವ್‌ಗೆ ಬರೆಸಿ, ಅದರಿಂದ ಬೂಟ್ ಮಾಡಿ. ಕೆಟ್ಟಿರೋ ಲ್ಯಾಪ್‌ಟಾಪ್‌ನಲ್ಲೇ ಬರೆಸಿದರೆ ಆ ಪೆನ್ ಡ್ರೈವ್ ಮೇಲೇ ನಂಬಿಕೆ ಇಡೋ ಹಾಗಿಲ್ಲ! ಇದರ ದೊಡ್ಡ ಗುಣ ಅಂದರೆ ಪರೀಕ್ಷೆ ನಡೆಯುವಾಗ ನಿಮ್ಮ ಡಿಸ್ಕ್‌ಗೆ ಏನೂ ಬರೆಯಲ್ಲ, ಫೈಲ್‌ಗಳು ಇದ್ದ ಹಾಗೇ ಇರ್ತವೆ. ಬೂಟ್ ಆಗಲಿಲ್ಲ ಅಂದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು. ಅದನ್ನು ಮುಟ್ಟೋ ಮುಂಚೆ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ರಿಕವರಿ ಕೀ ಫೋನ್‌ನಲ್ಲೋ ಪೇಪರ್ ಮೇಲೋ ಇಟ್ಕೊಳ್ಳಿ. ಇಲ್ಲದಿದ್ದರೆ ರ‍್ಯಾಮ್ ಸರಿ ಹೋಗಿ ಡಿಸ್ಕ್ ಬೀಗ ಹಾಕ್ಕೊಂಡು ಕೂತಿರುತ್ತೆ.

ಮೆಮ್‌ಟೆಸ್ಟ್ ಮಾಡೋದು ಸರಳ. ಪ್ರತಿ ಜಾಗಕ್ಕೂ ಗೊತ್ತಿರೋ ಒಂದು ಮಾದರಿ ಬರೆಯುತ್ತೆ, ಓದುತ್ತೆ, ತಾಳೆ ನೋಡುತ್ತೆ. ಮಾದರಿ ಬದಲಿಸುತ್ತೆ, ತಿರುಗಿಸುತ್ತೆ, ಕೊನೆಯಲ್ಲಿ ಬರೆದು ಕೆಲವು ನಿಮಿಷ ಸುಮ್ಮನಿದ್ದು ಯಾವುದಾದರೂ ಸೋರಿತಾ ಅಂತಲೂ ನೋಡುತ್ತೆ. ಎಲ್ಲ ಸೇರಿ ಒಂದು ಪಾಸ್. ಹಳೇ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಗೆ ಒಂದು ಪಾಸ್ ಅಂದರೆ ಗಂಟೆ ಲೆಕ್ಕದ ಕೆಲಸ. ರಾತ್ರಿ ಹಚ್ಚಿಟ್ಟು ಮಲಗಿ. ಒಂದೇ ಪಾಸ್‌ಗೆ ತೃಪ್ತಿ ಪಡಬೇಡಿ. ನಮ್ಮ ಗೆಳೆಯನದು ಮೊದಲ ಪಾಸ್‌ನಲ್ಲಿ ಒಂದೂ ತಪ್ಪಿಲ್ಲದೆ ದಾಟಿತು, ಎರಡನೆಯದರಲ್ಲಿ, ಚೆನ್ನಾಗಿ ಬಿಸಿಯಾದ ಮೇಲೆ, ಕೆಂಪು ಸಾಲುಗಳು ಬಂದವು. ಒಟ್ಟು 12 ತಪ್ಪು, ಎಲ್ಲದರಲ್ಲೂ ಕೈಕೊಟ್ಟದ್ದು ಅದೇ ಒಂದು ಬಿಟ್. 12 ಕಮ್ಮಿಯಲ್ವಾ ಅನ್ನಬೇಡಿ. ಇಲ್ಲಿ ಪಾಸ್ ಆಗೋಕೆ ಸೊನ್ನೆ ತಪ್ಪು ಬೇಕು, ಗ್ರೇಸ್ ಮಾರ್ಕ್ಸ್ ಇಲ್ಲ.

ತಪ್ಪು ಬಂತು ಅಂದ ಮಾತ್ರಕ್ಕೆ ಸ್ಟಿಕ್ಕೇ ಕೆಟ್ಟಿದೆ ಅಂತ ಆಗಲ್ಲ. ಸ್ಲಾಟ್ ಇರಬಹುದು, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಇರಬಹುದು. ಎರಡು ಸ್ಟಿಕ್ ಇದ್ದಾಗ ವಿಳಾಸ ನೋಡಿ ಯಾವುದು ಅಂತ ಹೇಳೋದೂ ಕಷ್ಟ, ಡ್ಯುಯಲ್ ಚಾನೆಲ್‌ನಲ್ಲಿ ವಿಳಾಸಗಳು ಎರಡರ ಮಧ್ಯೆ ಹೆಣೆದುಕೊಂಡಿರ್ತವೆ. ಹಾಗಾಗಿ ಬಿಚ್ಚಲೇಬೇಕು.

ಬಿಚ್ಚೋದು ಅಂದ್ರೆ ಹೆದರಬೇಕಿಲ್ಲ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರೋದಾದರೆ ತೆಗೀರಿ. ಒಳಗಡೆ ಬ್ಯಾಟರಿ ಆದರೆ ಹಿಂದಿನ ಕವರ್ ತೆಗೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಹೋಗುತ್ತೆ. ಸ್ಟಿಕ್ ಮುಟ್ಟೋ ಮುಂಚೆ ಕಿಟಕಿಯ ಕಬ್ಬಿಣದ ಸರಳು ಥರದ ಯಾವುದಾದರೂ ಬಣ್ಣ ಇಲ್ಲದ ಲೋಹ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿಯಲಿ. ಸ್ಲಾಟ್‌ನ ಎರಡೂ ಬದಿಯ ಕ್ಲಿಪ್ ಒಟ್ಟಿಗೆ ಹೊರಕ್ಕೆ ಸರಿಸಿದರೆ ಸ್ಟಿಕ್ ತಾನಾಗಿ ಮೇಲಕ್ಕೆ ಏಳುತ್ತೆ, ಓರೆಯಾಗೇ ಎಳೆದರೆ ಬರುತ್ತೆ. ಹಾಕುವಾಗಲೂ ಓರೆಯಾಗಿ, ಕಚ್ಚು ಸರಿಯಾಗಿ ಕೂತಿದೆಯಾ ನೋಡಿ, ಪಟ್ಟಿಗಳು ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋಗೋವರೆಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಕ್ಲಿಕ್ ಅನ್ನಬೇಕು.

ಸೀನಿಯರ್‌ಗಳೆಲ್ಲ ಹೇಳೋ ರಬ್ಬರ್ ವಿದ್ಯೆ ಬಗ್ಗೆ ಒಂದು ಮಾತು. ಪೆನ್ಸಿಲ್ ಅಳಿಸೋ ರಬ್ಬರ್‌ನಿಂದ ಪಟ್ಟಿ ಉಜ್ಜಿದರೆ ರ‍್ಯಾಮ್ ಬದುಕುತ್ತೆ ಅಂತ. ಕೆಲವು ಸಲ ಬದುಕುತ್ತೆ, ನಿಜ. ಆದರೆ ಎಷ್ಟೋ ಸಲ ಬದುಕಿಸಿದ್ದು ರಬ್ಬರ್ ಅಲ್ಲ, ತೆಗೆದು ಮತ್ತೆ ಕೂರಿಸಿದ್ದು. ಅಲ್ಲಿರೋ ಚಿನ್ನದ ಲೇಪ ತುಂಬಾ ತೆಳು, ಜೋರಾಗಿ ಉಜ್ಜಿದರೆ ಸವೆಯುತ್ತೆ, ರಬ್ಬರ್ ಪುಡಿ ಸ್ಲಾಟ್ ಸೇರುತ್ತೆ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತೆ, ಕೇಳಿದರೆ ನಾಲ್ಕು ಹನಿ ಕೊಡ್ತಾರೆ. ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗೋಕೆ ಬಿಡಿ. ಅಷ್ಟು ಸಾಕು.

ಈಗ ಒಂದೊಂದೇ ಬದಲಾವಣೆ. ಒಂದು ಸ್ಟಿಕ್ ಮಾತ್ರ ಹಾಕಿ ಪರೀಕ್ಷೆ, ಅದೇ ಸ್ಟಿಕ್ ಇನ್ನೊಂದು ಸ್ಲಾಟ್‌ನಲ್ಲಿ ಪರೀಕ್ಷೆ, ಆಮೇಲೆ ಎರಡನೇ ಸ್ಟಿಕ್‌ಗೂ ಹಾಗೇ. ತಪ್ಪು ಸ್ಟಿಕ್ ಜೊತೆ ಓಡಾಡಿದರೆ ಸ್ಟಿಕ್ ಕೆಟ್ಟಿದೆ. ಸ್ಟಿಕ್ ಯಾವುದಾದರೂ ತಪ್ಪು ಒಂದೇ ಸ್ಲಾಟ್‌ನಲ್ಲಿ ಉಳಿದರೆ ಸ್ಲಾಟ್. ಎಲ್ಲ ಕಡೆ ಎಲ್ಲದರಲ್ಲೂ ಬಂದರೆ ಮಾತ್ರ ಅಂಗಡಿಯವರ ಮದರ್‌ಬೋರ್ಡ್ ಮಾತಿಗೆ ಕಿವಿ ಕೊಡಬಹುದು. ನಮಗೆ ಇದಕ್ಕೆ ನಾಲ್ಕು ರಾತ್ರಿ ಹಿಡಿಯಿತು. ಬೇಸರದ ಕೆಲಸವೇ, ಆದರೆ ಎರಡು ಸ್ಟಿಕ್ ಒಟ್ಟಿಗೆ ಬದಲಿಸಿ, ಜೊತೆಗೆ ಬಯಾಸ್ ಸೆಟ್ಟಿಂಗ್ ಕೂಡ ಬದಲಿಸಿ, ಸರಿಯಾದರೆ ಯಾವುದರಿಂದ ಸರಿಯಾಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಅಕ್ಕ ತಗೊಂಡಾಗ ಬಂದಿದ್ದ ಹಳೇ ಸ್ಟಿಕ್ ಎರಡೂ ಸ್ಲಾಟ್‌ನಲ್ಲಿ ಪಾಸ್. ಆಮೇಲೆ ಹಾಕಿಸಿದ್ದು ಎರಡೂ ಸ್ಲಾಟ್‌ನಲ್ಲಿ ಫೇಲ್. ಒಂಬತ್ತು ಸಾವಿರದ ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ.

ಒಳ್ಳೇ ಸ್ಟಿಕ್ ಒಂದನ್ನೇ ಬಿಟ್ಟು, 4 ಜಿಬಿಯಲ್ಲೇ ಬ್ಯಾಕಪ್ ಶುರು ಮಾಡಿದೆವು. ಬರೀ ಕಾಪಿ ಮಾಡಿದರೆ ಸಾಲದು, ಹೋದದ್ದು ಸರಿಯಾಗಿ ಹೋಯ್ತಾ ಅಂತ ನೋಡಬೇಕು. ಅದಕ್ಕೆ ಹ್ಯಾಶ್. ಫೈಲ್‌ನ ಪ್ರತಿ ಬಿಟ್ ಮೇಲೂ ಲೆಕ್ಕ ಮಾಡಿ ಬರೋ ಬೆರಳಚ್ಚು ಅಂದುಕೊಳ್ಳಿ. ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆ. ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್', ಲಿನಕ್ಸ್‌ನಲ್ಲಿ 'ಶಾ256ಸಮ್' ಈ ಕೆಲಸ ಮಾಡುತ್ತೆ. ಮೂಲದ ಹ್ಯಾಶ್ ಲ್ಯಾಪ್‌ಟಾಪ್‌ನಲ್ಲಿ ತೆಗೆದು, ಕಾಪಿಯ ಹ್ಯಾಶನ್ನು ಬೇರೆ ಲ್ಯಾಪ್‌ಟಾಪ್‌ಗೆ ಡಿಸ್ಕ್ ಸಿಕ್ಕಿಸಿ ತೆಗೀರಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಕೂಡಲೇ ತೆಗೆದರೆ ರ‍್ಯಾಮ್‌ನಲ್ಲಿ ಕ್ಯಾಶ್ ಆಗಿ ಕೂತ ಪ್ರತಿಯನ್ನೇ ಓದಿ ಸರಿ ಅಂದುಬಿಡಬಹುದು. ಹಿಂದಿನ ಬ್ಯಾಕಪ್‌ನ ಹಸಿರು ಚೌಕದ ಮೂರೂ ಕ್ಲಿಪ್ ತಾಳೆ ಆಗಲಿಲ್ಲ, ಹೊಸದಾಗಿ ಕಾಪಿ ಮಾಡಿದಾಗ 41ಕ್ಕೆ 41 ತಾಳೆ ಆದವು. ಅದರಲ್ಲಿ ಒಂದು ಮಾತ್ರ ಹಾಕಿ ನೋಡಿದಾಗ ಮೂಲದಲ್ಲೇ ಒಡೆದಿತ್ತು. ಫೆಬ್ರವರಿಯಲ್ಲಿ ಟ್ರಿಮ್ ಮಾಡಿ ಅದೇ ಹೆಸರಲ್ಲಿ ಸೇವ್ ಮಾಡಿದ್ದ ಕ್ಲಿಪ್ ಅದು. ಹ್ಯಾಶ್ ಹೇಳೋದು ಎರಡೂ ಒಂದೇನಾ ಅಂತ ಮಾತ್ರ, ಮೊದಲನೆಯದು ಸರಿ ಇತ್ತಾ ಅಂತಲ್ಲ. ನಾಟಕದ ಕೊನೇ ದೃಶ್ಯದ ಎಂಟು ನಿಮಿಷ ಹಾಗೇ ಹೋಯ್ತು.

ಹೊಸ ಸ್ಟಿಕ್ ಕೊಳ್ಳುವಾಗ ಜಾಗ್ರತೆ. ಲ್ಯಾಪ್‌ಟಾಪ್‌ಗೆ ಬೇಕಾದ ಚಿಕ್ಕ ಸ್ಟಿಕ್‌ನಲ್ಲಿ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ, ಕಚ್ಚಿನ ಜಾಗವೇ ಬೇರೆ. ಮೋಸ ಹೋಗೋದು ಡಿಡಿಆರ್3 ಮತ್ತು ಡಿಡಿಆರ್3ಎಲ್ ಮಧ್ಯೆ. ಎರಡೂ 204 ಪಿನ್, ಕಚ್ಚು ಒಂದೇ ಕಡೆ. ಒಂದು 1.5 ವೋಲ್ಟ್, ಇನ್ನೊಂದು 1.35. ನಮ್ಮ ಗೆಳೆಯನ ಐದನೇ ತಲೆಮಾರಿನ ಪ್ರೊಸೆಸರ್‌ಗೆ 1.35ರದ್ದೇ ಬೇಕು. ಲೇಬಲ್ ಮೇಲೆ ಪಿಸಿ3ಎಲ್ ಅಂತ ಇದೆಯಾ, ಆ 'ಎಲ್' ಇದೆಯಾ ನೋಡಿ. ಬೆಂಗಳೂರಿಗೆ ಹೋದವರು ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ 4 ಜಿಬಿ ತಂದರು, ಏಳುನೂರು ರೂಪಾಯಿ. ಮೆಮ್‌ಟೆಸ್ಟ್‌ನಲ್ಲಿ ಫೇಲಾದರೆ ವಾಪಸ್ ತಗೋತೀರಾ ಅಂತ ಕೊಡೋ ಮುಂಚೆ ಕೇಳಿ, ಬಿಲ್ ಮೇಲೆ ಬರೆಸ್ಕೊಳ್ಳಿ. ಬಂದ ರಾತ್ರಿಯೇ ಪರೀಕ್ಷೆಗೆ ಹಾಕಿ.

ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಬಿಚ್ಚಿ ಬದಲಿಸೋ ಮಾತೇ ಇಲ್ಲ. ಆಗಲೂ ಒಂದು ದಾರಿ ಇದೆ. ಮೆಮ್‌ಟೆಸ್ಟ್ ಪ್ಲಸ್ ಕೆಟ್ಟ ಜಾಗಗಳ ಪಟ್ಟಿಯನ್ನು ಬ್ಯಾಡ್‌ರ‍್ಯಾಮ್ ರೂಪದಲ್ಲಿ ಕೊಡಬಲ್ಲದು. ಲಿನಕ್ಸ್‌ನ ಗ್ರಬ್‌ನಲ್ಲಿ ಅದನ್ನು ಸೇರಿಸಿದರೆ ಆ ಜಾಗಗಳನ್ನು ಬಿಟ್ಟು ಉಳಿದದ್ದನ್ನು ಬಳಸುತ್ತೆ. ವಿಂಡೋಸ್‌ನಲ್ಲೂ ಬಿಸಿಡಿಎಡಿಟ್‌ನಿಂದ ಕೆಟ್ಟ ಪೇಜ್‌ಗಳ ಪಟ್ಟಿ ಕೊಡಬಹುದು. ಕೆಟ್ಟ ಜಾಗ ಒಂದೆರಡೇ ಇದ್ದು ಬೆಳೆಯದೆ ಇದ್ದರೆ ಸೆಮ್ ಮುಗಿಯೋವರೆಗೆ ಎಳೆಯಬಹುದು. ಪ್ರಾಜೆಕ್ಟ್ ರಿಪೋರ್ಟ್‌ನ ಒಂದೇ ಪ್ರತಿ ಮಾತ್ರ ಅದರಲ್ಲಿ ಇಡಬೇಡಿ.

ರ‍್ಯಾಮ್ ಸರಿಯಾದ ಮೇಲೂ ಕೆಟ್ಟ ದಿನಗಳಲ್ಲಿ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್, ಬಂದ ಅಪ್‌ಡೇಟ್‌ಗಳು ಡಿಸ್ಕ್‌ನಲ್ಲಿ ತಪ್ಪಾಗೇ ಕೂತಿರಬಹುದು. ವಿಂಡೋಸ್ ಮತ್ತೆ ಹಾಕೋ ಆ ಹಳೇ ಸಲಹೆಗೆ ಈಗ ಸಮಯ ಬಂತು. ಗೆಳೆಯ ಹಾಕಿದ, ಮೂರು ವಾರದಿಂದ ನೀಲಿ ಸ್ಕ್ರೀನ್ ಕಂಡಿಲ್ಲ.

ಕೆಟ್ಟ ಸ್ಟಿಕ್ ಮೇಲೆ ಮಾರ್ಕರ್‌ನಲ್ಲಿ ಇಂಟು ಹಾಕಿದ್ದೀವಿ, ಯಾರೋ ಪಾಪ ಎಕ್ಸ್‌ಟ್ರಾ ರ‍್ಯಾಮ್ ಸಿಕ್ತು ಅಂತ ತಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳದಿರಲಿ ಅಂತ. ಮೆಮ್‌ಟೆಸ್ಟ್ ಇರೋ ಪೆನ್ ಡ್ರೈವ್, ಚಿಕ್ಕ ಸ್ಕ್ರೂಡ್ರೈವರ್ ಸೆಟ್ ಎರಡೂ ಕ್ಲಬ್ ರೂಮಿನ ಬೀರುವಿನಲ್ಲಿವೆ. ಬೇಕಾದವರು ರಿಜಿಸ್ಟರ್‌ನಲ್ಲಿ ಹೆಸರು ಬರೆದು ತಗೊಂಡು ಹೋಗಿ, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ ಸಿನಿಮಾ ತುಂಬಿಸಬೇಡಿ.